ಕೊಳ್ಳದ ಬೊಡ್ಡೆಗಳು ಚಿಗುರಿವೆ

ಗ್ಲಿನ್ ಮನೆ, ವೇಲ್ಸ್
ಮಂಗಳವಾರ, ೧೧ ಮೇ ೧೯೦೯

ನನ್ನ ಮುದ್ದು ಲೌರಿಗೆ,

ದೇವರ ದಯದಿಂದ ನಾವಿಬ್ಬರೂ ನೆಟ್ಟಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಅವರ ನಾಲಿಗೆಯ ಹಾಗೆ, ಬೆಳಗ್ಗೆ ಜೋರು, ಸಂಜೆಗೆ ಸುಮಾರು.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಅದರಲ್ಲಿ ಎರಡು ಪ್ರಶ್ನೆಗಳಿದ್ದವು. ಒಂದು ಮೊಮ್ಮಗಳು ನೆಸ್ತಾಳದ್ದು, ಇನ್ನೊಂದು ನಿನ್ನದು. ಸುಲಭದ್ದನ್ನು ಮೊದಲು ಬರೆಯುತ್ತೇನೆ.

ಗ್ಲಿನ್ ಅಂದರೇನು ಎಂದು ಕೇಳಿದ್ದಾಳಲ್ಲ, ಅವಳಿಗೆ ಹೇಳು, ನಮ್ಮಲ್ಲಿ ಎಲ್ಲ ತಗ್ಗಿಗೂ ಒಂದೇ ಹೆಸರಿಲ್ಲ. ಬೆಟ್ಟದ ನೆತ್ತಿಯ ಕೆಳಗೆ ಗಾಳಿಗೆ ಬಾಯ್ದೆರೆದು ಬಿದ್ದಿರುವ ಬೋಳು ಬೋಗುಣಿ, ಅದು ಕುಮ್. ಪಕ್ಕದ ಮನೆಯ ಕತ್ರಿನಳ ಹೊಲದಂತೆ ಅಂಗೈ ಬಗ್ಗಿಸಿದಷ್ಟೇ ತಗ್ಗು, ಅದು ಪಂತ್. ಕೆಳಗೆ ಹಳ್ಳ, ಎರಡೂ ಬದಿ ಒತ್ತೊತ್ತಾಗಿ ಮರ, ಒಳಗಿಂದ ಕೂಗಿದರೆ ಮೇಲಿನವರಿಗೆ ಕೇಳದಂಥ ಕಿರುಕೊಳ್ಳ, ಅದು ಗ್ಲಿನ್. ನೀನು ಹುಟ್ಟಿದ್ದು ಅದರ ಅಂಚಿನಲ್ಲಿ. ಅದಕ್ಕೇ ಇವತ್ತಿಗೂ ಊರಿಗೆಲ್ಲ ನೀನು ಗ್ಲಿನ್ ಲೌರಿ. ನಿಮ್ಮ ಗಿರಣಿ ಊರಿನಲ್ಲೂ ಅಂಥ ಕೊಳ್ಳಕ್ಕೆ ಒಂದು ಹೆಸರಿದೆ, ಆದರೆ ಮರವಿಲ್ಲ, ನೀರು ಬಟ್ಟೆಗೆ ಹಾಕುವ ಬಣ್ಣದ್ದು ಎಂದು ಬರೆದಿದ್ದೀಯ.

ನಮ್ಮ ಗ್ಲಿನ್ ಮತ್ತೆ ತುಂಬಿದೆ ಕಣೇ. ಒಂಬತ್ತು ವರ್ಷದ ಹಿಂದೆ ನಿನ್ನ ಗಂಡ ಇದ್ವಲ್‌ನ ತಂಡ ಬಂದು ಬಿಡಾರ ಹೂಡಿ, ಬೂಟಿನ ಅಡಿಗೆ ಹಾಕುವ ಮರದ ಅಟ್ಟೆಗೆಂದು ಆಲ್ಡರ್ ಮರಗಳನ್ನೆಲ್ಲ ಕಡಿದಾಗ, ಬೊಡ್ಡೆಗಳು ಹಸಿಗಾಯದಂತೆ ಕೆಂಪಗೆ ಕಾಣುತ್ತಿದ್ದವು. ಈಗ ಒಂದೊಂದು ಬೊಡ್ಡೆಗೂ ನಾಲ್ಕೈದು ಕಾಂಡ.

ಹೋದ ವಾರ ಬೇರೊಂದು ತಂಡದ ಮೇಸ್ತ್ರಿ ಬಂದು, "ಮರ ಕೊಡ್ತೀರೇನಮ್ಮಾ?" ಎಂದು ಕೇಳಿದ. "ಆಗ್ಲೇ ಮಾತು ಕೊಟ್ಟಾಗಿದೆ" ಎಂದೆ. ಅವನು ಹೋಗುವುದನ್ನೇ ಕಾದಿದ್ದು ನಿಮ್ಮಪ್ಪ, "ಯಾರಿಗೇ ಕೊಟ್ಟೆ ಮಾತು, ನಂಗೇ ಗೊತ್ತಿಲ್ದೆ?" ಎಂದರು.

"ನಮ್ಮ ಅಳಿಯನಿಗೆ."

ಈ ಮನೆಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅವರು ಗಂಜಿ ಮುಗಿಸಿದರು. ಆಮೇಲೆ, "ಇನ್ನೂ ಸಣ್ಣ ಕಾಂಡ, ದೊಡ್ಡೋರ ಕಾಲಿಗೆ ಆಗಲ್ಲ" ಎಂದರು. ಬಟ್ಟಲು ತಳ್ಳಿ, "ಆ ಹುಡುಗಿ ಪಾದ ಎಷ್ಟುದ್ದವಂತೆ?" ಎಂದು ಕೇಳಿದರು. ನಾನು ಕೊಟ್ಟಿಗೆಗೆ ಹೋಗಿ ಅತ್ತೆ. ನೆಸ್ತಾಳ ಪಾದದ ಅಳತೆಗೆ ಒಂದು ದಾರ ಕಳಿಸು.

ಇನ್ನು ನಿನ್ನ ಪ್ರಶ್ನೆ. ನಿನ್ನನ್ನು ಚಾಪೆಲ್‌ನಿಂದ ಹೊರಹಾಕಿದ ದಿನ ನನ್ನ ಕೈಯೂ ಎದ್ದಿತ್ತೇ ಎಂದು ಕೇಳಿದ್ದೀಯ. ಅದು ತಿಳಿಯದೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದೀಯ. ನೀನು ಮದುವೆಗೆ ಮುಂಚೆಯೇ ಬಸುರಿ, ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಮರ ಮುಗಿದು ಇದ್ವಲ್‌ನ ತಂಡ ಮುಂದಿನ ಊರಿಗೆ ಹೋಗಿತ್ತು. ಹೊರಹಾಕಬೇಕೆನ್ನುವವರು ಕೈ ಎತ್ತಿ ಎಂದರು ಪಾದ್ರಿಗಳು. ನಿಮ್ಮಪ್ಪ ಹಿರಿಯರ ಸಾಲಿನಲ್ಲಿದ್ದರು, ಎತ್ತಿದರು. ಕತ್ರಿನ್ ಎತ್ತಲಿಲ್ಲ. ಊರಿನ ಬಾಯಿಬಡುಕಿ, ಆದರೂ ಎತ್ತಲಿಲ್ಲ.

ನಾನು ಎತ್ತಿದೆ, ಮಗಳೇ.

ದೇವರಿಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನಿನಗೆ ಹೇಳುವುದೇ ಕಷ್ಟವಾಯಿತು. ಬರುವುದೂ ಬಿಡುವುದೂ ಇನ್ನು ನಿನಗೆ ಸೇರಿದ್ದು. ಮರ ಮಾತ್ರ ಬೇರೆಯವರಿಗೆ ಕೊಡುವುದಿಲ್ಲ.

ನಿನ್ನ ಅಮ್ಮ,
ಮಾರ್ಗಿಯಾದ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಆ ಬೇಸಿಗೆಯಲ್ಲಿ ದಿನಾ ಸಂಜೆ ಮಜ್ಜಿಗೆಯ ಡಬ್ಬಿ ಕೊಟ್ಟು ನಿನ್ನನ್ನೇ ಗ್ಲಿನ್‌ಗೆ ಕಳಿಸುತ್ತಿದ್ದವಳು ನಾನು. ಇದ್ವಲ್ ಮದುವೆಗೆ ನಿನ್ನನ್ನು ಕೇಳುವ ಮೊದಲೇ ನನ್ನನ್ನು ಕೇಳಿದ್ದ. ಆಗಲಿ ಎಂದಿದ್ದೆ. ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ, ಅಲ್ಲಿವರೆಗೆ ಯಾರೆದುರೂ ಬಾಯಿ ಬಿಡಬೇಡ ಎಂದು ಅವನಿಗೆ ಹೇಳಿದ್ದೆ. ನಾನು ಹೇಳಲಿಲ್ಲ. ಚಾಪೆಲ್‌ನಲ್ಲಿ ಎದ್ದು ನಿಂತು ಅದೊಂದು ಮಾತು ಹೇಳಿದ್ದರೆ ನಿನ್ನನ್ನು ಉಳಿಸಿಕೊಳ್ಳುತ್ತಿದ್ದರೇನೋ. ಅವನು ನಿನ್ನ ಹತ್ತಿರವೂ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲವೆಂದು ನಿನ್ನ ಪ್ರಶ್ನೆಯಿಂದಲೇ ತಿಳಿಯಿತು. ಇನ್ನು ಬಾಯಿ ಬಿಡಬಹುದಂತೆ ಎಂದು ಅವನಿಗೆ ಹೇಳು.