ಅನಘಾ ಕೊಟ್ಟ ಬಿಯರ್

ಬಿಶಾನ್, ಸಿಂಗಪುರ
೧೪ ಜೂನ್ ೨೦೨೫

ಮುದ್ದು ತಂಗಿ ಅನುಸೂಯಾಳಿಗೆ ನಿನ್ನ ಅಕ್ಕ ಉಮಾಳ ಆಶೀರ್ವಾದ.

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಎಷ್ಟು ಬೇಕಾದರೂ ಬೈದುಕೋ. ವಾಟ್ಸಾಪಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಮನೆಯವರೆಲ್ಲರ ಕೈಯಲ್ಲೂ ಓಡಾಡುತ್ತದೆ. ಇದು ನೀನೊಬ್ಬಳೇ ಓದಬೇಕಾದ್ದು. ನಾವಿಲ್ಲಿ ಚೆನ್ನಾಗಿದ್ದೇವೆ. ಅಂದರೆ, ನನ್ನೊಬ್ಬಳನ್ನು ಬಿಟ್ಟು ಉಳಿದವರು ಚೆನ್ನಾಗಿದ್ದಾರೆ.

ನಿನ್ನ ಭಾವನವರಿಗೆ ಸೀಲಿಯಾಕ್ ಎಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ಗೋಧಿ, ಬಾರ್ಲಿಯಂಥವುಗಳಲ್ಲಿರುವ ಗ್ಲುಟನ್ ಚೂರೇ ಚೂರು ಹೊಟ್ಟೆಗೆ ಹೋದರೂ ಇವರ ಕರುಳಿಗೆ ಪೆಟ್ಟು. ಅಂದಿನಿಂದ ನಮ್ಮ ಮನೆಯಲ್ಲಿ ಚಪಾತಿಯಿಲ್ಲ, ಉಪ್ಪಿಟ್ಟಿಲ್ಲ, ಶಾವಿಗೆಯಿಲ್ಲ. ಅಂಗಡಿಯ ಇಂಗಿಗೂ ಗೋಧಿಹಿಟ್ಟು ಬೆರೆಸಿರುತ್ತಾರೆಂದು ತಿಳಿದ ದಿನ ಡಬ್ಬಿ ಸಮೇತ ಎಸೆದೆ. ಇಂಗಿಲ್ಲದ ಸಾರು ಉಂಡುಕೊಂಡು ಬದುಕಿದ್ದೇನೆ ಕಣೇ! ಇಷ್ಟೆಲ್ಲ ಮಾಡಿದವಳು ನಾನು. ಹೆಸರು ಬಂದದ್ದು ಅನಘಾಗೆ.

ಅನಘಾ ಇವರ ಆಫೀಸಿನವಳು. ತಂಜಾಂಗ್ ಪಗಾರಿನ ಆ ಆಫೀಸಿನಲ್ಲಿ ಇವರ ಪಕ್ಕದ ಸೀಟು. ಅವಳಿಗೂ ಇದೇ ಕಾಯಿಲೆ. ಕಾಯಿಲೆಯಲ್ಲೂ ಜೋಡಿ ನೋಡು! ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಊಟಕ್ಕೆ ಹೋಗುತ್ತಾರೆ. ಹಾಕರ್ ಸೆಂಟರಿನ ಯಾವ ಊಟದಂಗಡಿಯಲ್ಲಿ ಗೋಧಿ ಬೆರೆತ ಸೋಯಾ ಸಾಸ್ ಹಾಕುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಮನೆಗೆ ಬಂದರೂ ಇವರ ಬಾಯಲ್ಲಿ ಅನಘಾ ಹೀಗಂದಳು, ಅನಘಾ ಹಾಗಂದಳು. ಇವರನ್ನು ‘ದ್ವಾರಕ್’ ಎಂದು ಕರೆಯುತ್ತಾಳೆ, ನನ್ನನ್ನು ‘ಆಂಟಿ’! ನನಗಿಂತ ಐದಾರು ವರ್ಷ ಚಿಕ್ಕವಳಿರಬಹುದು, ಅಷ್ಟೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಒಂದು ದಿನ ಇವರು ಬಿಯರ್ ಬಾಟಲಿ ಹಿಡಿದುಕೊಂಡು ಬಂದರು. ನಾನು ಹೌಹಾರಿದೆ. “ಆಲ್ಕೋಹಾಲ್ ಇಲ್ಲ ಕಣೇ, ಅನಘಾ ಕೊಟ್ಲು” ಎಂದು ಸೋಫಾದಲ್ಲಿ ಕೂತು ಅಮೃತದ ಹಾಗೆ ಗುಟುಕರಿಸಿದರು. ನಾನು ಮಾಡಿದ ಯಾವ ಪಾಯಸಕ್ಕೂ ಆ ಮುಖ ಮಾಡಿದ್ದಿಲ್ಲ.

ಸರಿ, ಮಾರ್ಚಿನಲ್ಲಿ ಇವರ ಐವತ್ತನೇ ಹುಟ್ಟುಹಬ್ಬ ಬಂತು. ಅವಳಿಗಿಂತ ನಾನೇನು ಕಮ್ಮಿ ಎಂದು ಸೂಪರ್ ಮಾರ್ಕೆಟ್ಟಿನಿಂದ ಎಲ್ಲಕ್ಕಿಂತ ದುಬಾರಿ ಬಾಟಲಿಗಳನ್ನೇ ತಂದೆ. ಮೇಲೆ ಆಲ್ಕೋಹಾಲ್ ಸೊನ್ನೆ ಎಂದು ಇಷ್ಟು ದಪ್ಪ ಬರೆದಿತ್ತು. ನಮ್ಮಂಥ ಮನೆಗಳಲ್ಲಿ ಬಿಯರ್ ಬಾಟಲಿ ಕಂಡರೆ ಹುಟ್ಟುವ ಪ್ರಶ್ನೆ ಅದೊಂದೇ ತಾನೇ? ಆಲ್ಕೋಹಾಲ್ ಇಲ್ಲವೆಂದ ಮೇಲೆ ಎಲ್ಲ ಮಡಿ! ಇಂಗಿನ ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದುವ ನಾನು ಆ ಬಾಟಲಿಯನ್ನು ತಿರುಗಿಸಿ ಕೂಡ ನೋಡಲಿಲ್ಲ.

ಬಂದವರೆಲ್ಲರ ಮುಂದೆ ನಾನೇ ಗ್ಲಾಸಿಗೆ ಸುರಿದು ಇವರ ಕೈಗೆ ಕೊಟ್ಟೆ. ಅನಘಾಳ ಕಡೆಗೊಮ್ಮೆ ಬೇಕೆಂದೇ ನೋಡಿದೆ. ಅವಳು ಮೇಜಿನ ಮೇಲಿದ್ದ ಬಾಟಲಿ ತಿರುಗಿಸಿ ಓದಿದವಳೇ ಓಡಿಬಂದು ಇವರ ತುಟಿಯ ಹತ್ತಿರವಿದ್ದ ಗ್ಲಾಸನ್ನು ಕಿತ್ತುಕೊಂಡಳು.

“ದ್ವಾರಕ್, ಬೇಡ! ಇದ್ರಲ್ಲಿ ಬಾರ್ಲಿ ಮಾಲ್ಟ್ ಇದೆ!”

“ಆಲ್ಕೋಹಾಲ್ ಇಲ್ಲ ಅಂತ ದೊಡ್ಡದಾಗಿ ಬರ್ದಿದ್ದಾರಲ್ಲಮ್ಮ” ಎಂದೆ.

“ಆಲ್ಕೋಹಾಲ್ ತೆಗೆದ್ರೆ ಗ್ಲುಟನ್ ಹೋಗಲ್ಲ ಆಂಟಿ. ಬಿಯರ್ ಮಾಮೂಲಾಗಿ ಮಾಡೋದೇ ಬಾರ್ಲಿಲಿ. ಗ್ಲುಟನ್ ರಿಮೂವ್ ಮಾಡಿದೀವಿ ಅಂತ ಬರ್ದಿದ್ರೂ ನಾನು ರಿಸ್ಕ್ ತಗೊಳಲ್ಲ. ಜೋಳ, ಅಕ್ಕಿ, ಸಿರಿಧಾನ್ಯದಲ್ಲಿ ಮಾಡಿ, ಗ್ಲುಟನ್ ಫ್ರೀ ಅಂತ ಬರ್ದಿರೋದು ಮಾತ್ರ. ಅವತ್ತು ನಾನು ಕೊಟ್ಟಿದ್ದು ಜೋಳದ್ದು.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವನ್ನಾದರೂ ಆಡುತ್ತಿದ್ದೆ. ನಮ್ಮ ರಿಷಿಕಾ ನನ್ನ ಹೆಗಲು ತಟ್ಟಿ “ಚಿಲ್ ಲಾ ಅಮ್ಮ, ಅಪ್ಪ ಕುಡ್ದಿಲ್ವಲ್ಲ” ಎಂದಳು. ಇವರು ನಗುತ್ತಾ “ಹೋಗ್ಲಿ ಬಿಡು ಉಮಾ, ನಿಂಗೆ ಇದೆಲ್ಲ ಗೊತ್ತಾಗಲ್ಲ” ಎಂದರು. ನನಗೆ ಗೊತ್ತಾಗುವುದಿಲ್ಲವಂತೆ! ಅಡುಗೆಮನೆಗೆ ಹೋಗಿ ಅಷ್ಟೂ ಬಾಟಲಿಯನ್ನು ಸಿಂಕಿಗೆ ಸುರಿದೆ.

ಮುಂದಿನ ವಾರ ಹಟ ಹಿಡಿದು, ಹುಡುಕಿ ಹುಡುಕಿ, ಜೋಳದ ಬಿಯರನ್ನೇ ಆರ್ಡರ್ ಮಾಡಿ ತರಿಸಿದೆ. ಈ ಸಲ ಹಿಂದೆ ಮುಂದೆ ಎರಡೂ ಓದಿದ್ದೆ. ಇವರು ಒಂದು ಗುಟುಕು ಕುಡಿದು “ಓ, ಅನಘಾ ಕೊಟ್ಟಿದ್ದೇ!” ಎಂದರು.

ಇನ್ನೇನು ಬರೆಯಲಿ? ನಿನ್ನ ಯಜಮಾನರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಅಡುಗೆಗೆ ಸದಾ ಇಂಗು ಬೀಳಲಿ.

ನಿನ್ನ ಅಕ್ಕ,
ಉಮಾ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಯಾರಿಗೂ ಹೇಳದೆ ನಾನೂ ಹೋಗಿ ಸೀಲಿಯಾಕ್ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಿಕೊಂಡೆ. ಅದಕ್ಕೆ ಮುಂಚೆ ಕೆಲವು ವಾರ ದಿನಾ ಗೋಧಿ ತಿಂದಿರಬೇಕಂತೆ. ಇವರು ಆಫೀಸಿಗೆ ಹೋದ ಮೇಲೆ ಹೋಟೆಲಿನಲ್ಲಿ ಕೂತು ಕದ್ದು ಚಪಾತಿ ತಿಂದೆ. ಹೊಟ್ಟೆ ನೋಯಲಿ ಎಂದು ಕಾದೆ, ನೋಯಲಿಲ್ಲ. ನನಗೂ ಆ ಕಾಯಿಲೆ ಬರಲಿ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿ ಬೇಡಿಕೊಂಡಿದ್ದೆ ಕಣೇ. ನಿನ್ನೆ ಡಾಕ್ಟರು ರಿಪೋರ್ಟ್ ನೋಡಿ, ಏನೂ ಇಲ್ಲ, ಎಲ್ಲ ತಿನ್ನಬಹುದು ಎಂದು ನಕ್ಕರು. ವಾಪಸ್ ಬರುವಾಗ ಎಂಆರ್‌ಟಿ ರೈಲಿನಲ್ಲಿ ಅಷ್ಟು ಜನರ ಮಧ್ಯೆ ನಿಂತುಕೊಂಡೇ ಅತ್ತುಬಿಟ್ಟೆ.