ಮಂತ್ರಿಯ ಹದಿಮೂರು ದಿನಗಳ ದಯೆ

ಬ್ಯೂಮಾಂಟ್, ಐರ್ಲೆಂಡ್, 18 ಡಿಸೆಂಬರ್ 2020, ಬೆಳಗ್ಗೆ 9

ಗಂಜಿಯಾಯಿತು. ಗುಳಿಗೆಯೂ ಆಯಿತು. ಮೊದಲು ಮೈಸೂರಿಗೆ, ರತ್ನತ್ತಿಗೆಗೆ, ಕ್ಷಮೆ ಕೋರಿ ಪತ್ರ. ಕಳೆದ ಪತ್ರದಲ್ಲಿ ತಪ್ಪೊಂದು ನುಸುಳಿದೆ. ಅಣ್ಣ ಕೃಷ್ಣಪ್ರಸಾದನನ್ನು ಬಿಳಿಯರ ಆಳ್ವಿಕೆಯ ರೊಡೇಶಿಯಾದಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟ ನ್ಯಾಯಮಂತ್ರಿ ಟ್ರೆಂಚ್ 1974ರಲ್ಲಿ ಸತ್ತನೆಂದು ಬರೆದಿದ್ದೆ. ಸಾಯಲಿಲ್ಲ. ಪದವಿ ಬಿಟ್ಟನಷ್ಟೆ. ಬಳಿಕ ಇದೇ ಐರ್ಲೆಂಡಿನ ಕಡಲಂಚಿನಲ್ಲಿ ಹದಿನೇಳು ವರ್ಷ ಗುಲಾಬಿ ಬೆಳೆಸಿ, 1991ರಲ್ಲಿ ಮೆತ್ತನೆಯ ಹಾಸಿಗೆಯಲ್ಲಿ ಕಣ್ಮುಚ್ಚಿದ.

ಅವನ ಆತ್ಮಕಥೆಯನ್ನು ಮಕ್ಕಳು ಅಚ್ಚುಹಾಕಿಸಿದ್ದಾರೆ. ಮಗಳು ಕಾತ್ಯಾಯಿನಿ ಅಂಚೆಯಲ್ಲಿ ತರಿಸಿಕೊಟ್ಟಳು. ಮಾರ್ಚಿನಿಂದ ವಿಮಾನವಿಲ್ಲದೆ ಇಲ್ಲಿ ಮಗಳ ಮನೆಯಲ್ಲಿ ಸಿಕ್ಕಿಬಿದ್ದವನಿಗೆ ಓದುವುದಲ್ಲದೆ ಬೇರೇನು ಕೆಲಸ?

19 ಡಿಸೆಂಬರ್

ನೂರಿಪ್ಪತ್ತು ಪುಟ ಓದಿದೆ. ವಕೀಲ, ಶಾಸಕ, ಹತ್ತು ವರ್ಷ ಮಂತ್ರಿ. ತುರ್ತು ಪರಿಸ್ಥಿತಿಯನ್ನು ಮತ್ತೆ ಮತ್ತೆ ವಿಸ್ತರಿಸಿದ್ದನ್ನು ಹಳೆಯ ಕೊಡೆ ರಿಪೇರಿ ಮಾಡಿಸಿದಂತೆ ವರ್ಣಿಸಿದ್ದಾನೆ. ಸೆರೆ ಶಿಬಿರಗಳಿಗೆ ಅರ್ಧ ಪುಟ. ಸಾಕಿದ ಏಳು ನಾಯಿಗಳಿಗೆ ಒಂದು ಅಧ್ಯಾಯ — ಹೆಸರು ಒಂದೂ ಮರೆತಿಲ್ಲ. ಮೊದಲ ಗಲ್ಲಿನ ಆಜ್ಞೆಗೆ ಸಹಿ ಹಾಕಿದ ದಿನ ಶಾಯಿ ಸರಿಯಿರಲಿಲ್ಲವಂತೆ. ಪಾಪ!

ಮೊಮ್ಮಗಳು ಅನನ್ಯಾ ಬಾಗಿಲಲ್ಲಿ: "ಅಜ್ಜ, ಆರ್ ಯೂ ಗ್ರ್ಯಾಂಡ್?" ಗ್ರ್ಯಾಂಡ್ ಎಂದರೆ ಇಲ್ಲಿಯವರ ಬಾಯಲ್ಲಿ ಆರಾಮ.

"ಕನ್ನಡದಲ್ಲಿ ಕೇಳು."

"ಅಜ್ಜ, ನೀವು ಗ್ರ್ಯಾಂಡಾ?"

ಅಲ್ಲ ಎಂದೆ.

21 ಡಿಸೆಂಬರ್, ಮಧ್ಯಾಹ್ನ

ಪುಟ 212. ಮೂರು ಬಾರಿ ಓದಿದೆ. ಅವನ ಮಾತು, ನನ್ನ ಕನ್ನಡದಲ್ಲಿ:

"1966ರ ಡಿಸೆಂಬರ್ 22ರಂದು ಭಾರತೀಯ ಉಪಾಧ್ಯಾಯನೊಬ್ಬ ಶಿಬಿರದಲ್ಲಿ ಜ್ವರದಿಂದ ತೀರಿಕೊಂಡ. ಕೃಷ್ಣ ಎಂದೇನೋ ಹೆಸರು. ಕ್ರಿಸ್‌ಮಸ್ ಸಮಯದಲ್ಲಿ ಮೈಸೂರಿನಲ್ಲಿದ್ದ ಅವನ ಹೆಂಡತಿಗೆ ಇಂಥ ಸುದ್ದಿ ಬೇಡವೆಂದು ನಾನೇ ತಡೆದೆ. ಜನವರಿ 4ರಂದು ತಂತಿ ಕಳಿಸಿ, ವಿಳಂಬಕ್ಕೆ ವಿವರಣೆ ಕೊಡುವ ಗೋಜು ಬೇಡವೆಂದು, ಸತ್ತ ದಿನವೂ ಅದೇ ಎಂದು ಬರೆಸಿದೆ. ಅಧಿಕಾರದಲ್ಲಿದ್ದಾಗ ಮಾಡಿದ ಸಣ್ಣ ಉಪಕಾರಗಳಲ್ಲಿ ಇದೊಂದು."

ಕ್ರಿಸ್‌ಮಸ್! ನಮ್ಮ ಅತ್ತಿಗೆಗೆ!

ಫೋನಿನಲ್ಲಿ ಆ ವರ್ಷದ ಪಂಚಾಂಗ ತೆಗೆದೆ. ಡಿಸೆಂಬರ್ 22 ಮಾರ್ಗಶಿರ ಶುದ್ಧ ಏಕಾದಶಿ. ತಂತಿಯನ್ನು ನಂಬಿ ನಾವು ಬಹುಳ ನವಮಿಯಂದು ಶ್ರಾದ್ಧ ಮಾಡುತ್ತ ಬಂದೆವು. ಅಣ್ಣನಿಗೆ ಮಕ್ಕಳಿಲ್ಲ, ಪಿಂಡವಿಟ್ಟವನು ನಾನು. ಐವತ್ತಮೂರು ವರ್ಷ. ಅವನ ತಿಥಿಯಂದು ಒಮ್ಮೆಯೂ ಅಲ್ಲ.

ಈ ವರ್ಷ ಆ ಏಕಾದಶಿ ಡಿಸೆಂಬರ್ 25ಕ್ಕೆ. ನಾಲ್ಕೇ ದಿನ.

ಸಂಜೆ 7

ಕಾತ್ಯಾಯಿನಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದಳು. ಮುಖದ ಮೇಲೆ ಮಾಸ್ಕಿನ ಗೆರೆ. ಆ ಪುಟ ತೋರಿಸಿದೆ.

"ಅಪ್ಪ, ದೊಡ್ಡಮ್ಮನಿಗೆ ಈಗ ಹೇಳ್ಬೇಡಿ. ಎಂಬತ್ತನಾಲ್ಕು ವರ್ಷ, ಕೋವಿಡ್‌ನಿಂದ ಈಗ ತಾನೇ ಎದ್ದಿದ್ದಾರೆ. ಸ್ವಲ್ಪ ದಿನ ಹೋಗ್ಲಿ."

ಸ್ವಲ್ಪ ದಿನ ಹೋಗಲಿ. ಟ್ರೆಂಚನೂ ಅಂದದ್ದು ಇದನ್ನೇ.

24 ಡಿಸೆಂಬರ್, ಬೆಳಗ್ಗೆ

ಎರಡು ದಿನ ಏನೂ ಬರೆಯಲಿಲ್ಲ. ಎರಡು ದಿನ ನಾನೂ ತಂತಿ ತಡೆದೆ. ನಾಚಿಕೆಗೇಡು. ಇಂದು ಫೋನು ಮಾಡಿ ಎಲ್ಲವನ್ನೂ ಓದಿ ಹೇಳಿದೆ.

ಅತ್ತಿಗೆ ತಾರೀಖನ್ನು ಮತ್ತೊಮ್ಮೆ ಓದಿಸಿದರು.

"ಮೂರ್ತಿ, ಪಕ್ಕದ್ಮನೆ ವಾಸಂತಿ ಮಗೂನ ತೊಟ್ಟಿಲಿಗೆ ಹಾಕಿದ್ದು ಇಂಗ್ಲಿಷ್ ಹೊಸ ವರ್ಷದ ದಿನ. ಆರತಿ ಎತ್ತಿದ್ದು ನಾನೇ ಕಣೋ. ಸೇವಂತಿಗೆ ಮುಡ್ಕೊಂಡಿದ್ದೆ. ನಿಮ್ಮಣ್ಣಂಗೆ ಅಂತ ನೀಲಿ ಸ್ವೆಟರ್ ಹೆಣೀತಿದ್ದೆ. ಆಗ್ಲೇ ಅವರು ಇರ್ಲಿಲ್ವೇನೋ?"

"ಇರಲಿಲ್ಲ, ಅತ್ತಿಗೆ."

"ಹಾಗಾದ್ರೆ ಹದಿಮೂರು ದಿನ ಜಾಸ್ತಿ ಮುಡಿದೆ ಅನ್ನು." ನಕ್ಕರು. ಕೆಮ್ಮಿದರು. "ಆ ಪಾಪಿ ಉಪಕಾರಾನೇ ಮಾಡ್ದ."

"ಅತ್ತಿಗೆ! ಅವನನ್ನು ಹೊಗಳುತ್ತೀರಾ?"

"ಹೊಗಳ್ತೀನಾ, ಅವನ ಹೆಣ! ಆ ದಿನಗಳು ನನ್ನವು ಕಣೋ, ಅವನವಲ್ಲ. ನಾಳೆ ಏಕಾದಶಿ, ಉಪವಾಸ. ದ್ವಾದಶಿಗೆ ಶ್ರಾದ್ಧ ಆಗ್ಲಿ. ತಾರೀಖೆಲ್ಲ ಸರಿಮಾಡಿ ಬರೆದು ಕಳ್ಸು. ಆದ್ರೆ ನನ್ನ ಹದಿಮೂರು ದಿನಕ್ಕೆ ಗೀಟು ಎಳೀಬೇಡ."

26 ಡಿಸೆಂಬರ್, ದ್ವಾದಶಿ

ಹಿತ್ತಲಲ್ಲಿ ಎಳ್ಳುನೀರು ಬಿಟ್ಟೆ. ಅಂಗೈ ಮರಗಟ್ಟಿತು. ಅನನ್ಯಾ ಚೊಂಬು ಹಿಡಿದು ನಿಂತಿದ್ದಳು. ಗ್ರ್ಯಾಂಡಾ ಎಂದು ಕೇಳಲಿಲ್ಲ.

ಅತ್ತಿಗೆಗೆ ಕಳಿಸಬೇಕಾದ ತಿದ್ದುಪಡಿ:

ಟ್ರೆಂಚನ ಮರಣ — 1974 ಅಲ್ಲ, 1991.

ಅಣ್ಣನ ಮರಣ — 4 ಜನವರಿ 1967 ಅಲ್ಲ. 22 ಡಿಸೆಂಬರ್ 1966.

ಶ್ರಾದ್ಧ — ಮಾರ್ಗಶಿರ ಬಹುಳ ನವಮಿ ಅಲ್ಲ. ಶುದ್ಧ ಏಕಾದಶಿ, ನಮ್ಮಲ್ಲಿ ದ್ವಾದಶಿಗೆ.

ಅತ್ತಿಗೆ ಹೂವು ತೆಗೆದದ್ದು — 22 ಡಿಸೆಂಬರ್ ಅಲ್ಲ, 4 ಜನವರಿ 1967. ಇದಕ್ಕೆ ಗೀಟು ಇಲ್ಲ.