ಕೌದಿಯ ಒಳಪದರ

ಅಪ್ಪಾ,

ನೀನು ತೋಟದ ಗುಡಿಸಲಿಗೆ ಹೋಗಿ ಕುಳಿತ ಮೇಲೆ ನಾನೂ ಊರಿನವರ ಹಾಗೆ ನಿನಗೆ ‘ಅಜ್ಜಾರ, ನೀವು’ ಎನ್ನತೊಡಗಿದ್ದೆ. ಈಗ ನೀನಿಲ್ಲ, ಸುತ್ತ ಭಕ್ತರೂ ಇಲ್ಲ. ಹಳೆಯ ರೂಢಿಯಂತೆ ‘ನೀನು’ ಎಂದೇ ಬರೆಯುತ್ತೇನೆ. ಈ ಪತ್ರಕ್ಕೆ ಕಾರಣ ಕೆಲಸದ್ದು. ನಿನ್ನ ಸಾಮಾನು ನನ್ನ ಅಂಗಡಿಗೆ ಬಂದಿತ್ತು. ಅದಕ್ಕೆ ಏನು ಮಾಡಿದೆ ಎಂದು ಬೇರೆ ಗಿರಾಕಿಗಳಿಗೆ ಹೇಳುವಂತೆ ನಿನಗೂ ಹೇಳಬೇಕಲ್ಲ.

ಕಲಬುರಗಿ ಕೋಟೆಯ ಹತ್ತಿರದ ನನ್ನ ಅಂಗಡಿಗೆ ನೀನು ಒಂದೇ ಸಲ ಬಂದಿದ್ದೆ. ಬಾಳೆಗೊನೆ ಮಾರಲು ಕಮಲಾಪುರದಿಂದ ಬಂದವನು ಬಾಗಿಲಲ್ಲೇ ನಿಂತು, ‘ದೇವರಿಗೆ ಚೌಕಟ್ಟ ಹಾಕಿದ್ರ ಹೊಟ್ಟಿ ತುಂಬತದೇನವ್ವಾ?’ ಎಂದು ಕೇಳಿದ್ದೆ. ತುಂಬುತ್ತದೆ, ಅಪ್ಪ. ಮಠಗಳಿಂದ ಸ್ವಾಮಿಗಳ ಹಳೆಯ ಶಾಲು ಬರುತ್ತದೆ, ದರ್ಗಾದಿಂದ ಚಾದರ ಬರುತ್ತದೆ, ಮನೆಮನೆಗಳಿಂದ ಮುತ್ತಜ್ಜನ ರುದ್ರಾಕ್ಷಿ ಬರುತ್ತದೆ. ಹುಳು ತೆಗೆದು, ಹರಿದಲ್ಲಿ ಆಸರೆಯ ಬಟ್ಟೆ ಕೊಟ್ಟು, ಅಳತೆಗೆ ತಕ್ಕ ಗಾಜಿನ ಪೆಟ್ಟಿಗೆ ಮಾಡಿ ಕೊಡುತ್ತೇನೆ. ಅಂಟು ಹಚ್ಚುವುದಿಲ್ಲ. ಗಾಜು ವಸ್ತುವಿಗೆ ತಾಗಲು ಬಿಡುವುದಿಲ್ಲ. ಯಾರ ಸಾಮಾನು ಬಂದರೂ ಕೈ ನಡುಗುವುದಿಲ್ಲ, ಅದೇ ನನ್ನ ಹೆಮ್ಮೆ.

ಸಂಗಣ್ಣ ಬಂದ ದಿನವೂ ಕೈ ನಡುಗಲಿಲ್ಲ. ನಂದೂರಿನಲ್ಲಿ ದಾಲ್ ಮಿಲ್ಲು ಇಟ್ಟುಕೊಂಡ ಸಂಗಣ್ಣ, ಪ್ರತಿ ಅಮಾವಾಸ್ಯೆಗೆ ನಿನ್ನ ಕಾಲಿಗೆ ಬೀಳುತ್ತಿದ್ದನಲ್ಲ, ಅವನೇ. ಈಗ ನಿನ್ನ ಸಮಾಧಿಯ ಮೇಲೆ ಎದ್ದ ಗದ್ದುಗೆಯ ಸಮಿತಿಗೆ ಹಿರಿಯ. ಮೊದಲು ಕೆಂಪು ವಸ್ತ್ರದಲ್ಲಿ ಸುತ್ತಿದ ಪಾದುಕೆಗಳನ್ನು ಮೇಜಿನ ಮೇಲಿಟ್ಟ. ‘ಅಜ್ಜಾರ ಪಾದುಕಾರೀ ಅಕ್ಕಾರ. ಗದ್ದುಗಿ ಮುಂದ ಗಾಜಿನ್ಯಾಗ ಇಡಬೇಕಂತ ಮಾಡೀವಿ.’ ನಾನು ತಿರುಗಿಸಿ ನೋಡಿದೆ. ಹೆಬ್ಬೆರಳು ಹಿಡಿಯುವ ಗುಬುಟು ಸವೆದಿಲ್ಲ, ಹಿಮ್ಮಡಿಯ ಗುರುತಿಲ್ಲ. ಹೇಗಿರಬೇಕು? ನೀನು ಜನ್ಮವಿಡೀ ಮೆಟ್ಟಿದ್ದು ಟಾಯರ್ ಚಪ್ಪಲಿ. ಈ ಪಾದುಕೆಗಳನ್ನು ಗುಡಿಸಲ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒತ್ತಿಡುತ್ತಿದ್ದೆ, ನಾನೇ ಕಂಡಿದ್ದೇನೆ. ಸುಳ್ಳು ಬರೆಯುವುದು ನನ್ನಿಂದಾಗದು. ಕೆಳಗಿನ ಫಲಕದಲ್ಲಿ ‘ಭಕ್ತರು ಅಜ್ಜನವರಿಗೆ ಅರ್ಪಿಸಿದ ಪಾದುಕೆಗಳು’ ಎಂದು ಬರೆಸಿದೆ. ಸಂಗಣ್ಣನಿಗೆ ಅದು ಪಸಂದ ಬಂತು.

ಆಮೇಲೆ ಅವನು ದನಿ ತಗ್ಗಿಸಿ ಕೇಳಿದ್ದು ಕೌದಿಯನ್ನು. ‘ಅಜ್ಜಾರ ಹೊದ್ದ ಕೌದಿ ನಿಮ್ಮನ್ಯಾಗ ಅದ ಅಂತಲ್ರೀ. ಅದೊಂದ ಸಿಕ್ರ ಜನಾ ಕಣ್ತುಂಬ ನೋಡ್ತಾರ್ರೀ.’

ನೀನು ಮನೆ ಬಿಟ್ಟ ದಿನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ‘ಸಂಸಾರ ಸಾಕಾತು. ಇನ್ನ ತ್ವಾಟದಾಗ ಇರ್ತೀನಿ. ಮನೀದು ಏನೂ ಬ್ಯಾಡ ನನಗ’ ಎಂದೆ ನೀನು. ಅವ್ವನ ಕೈ ನಿಲ್ಲಲಿಲ್ಲ. ‘ಥಂಡ್ಯಾಗ ಹೊದ್ಕೊಳ್ಳಾಕ ಏನ ಮಾಡ್ತಿ?’ ಎಂದಷ್ಟೇ ಕೇಳಿದಳು. ನೀನು ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದೆ. ಎಲ್ಲ ಬಿಟ್ಟು ಹೊರಡುವವರು ಚಳಿಯ ವಿಚಾರ ಯಾಕೆ ಮಾಡಿರುವುದಿಲ್ಲವೋ... ದೀಪಾವಳಿಯ ಹೊತ್ತಿಗೆ ಅವ್ವ ಒಂದು ಕೌದಿ ಹೊಲಿದು ಕಳಿಸಿದಳು. ನೀನು ಅದನ್ನು ಹಿಂದಿರುಗಿಸಲಿಲ್ಲ.

ಬಂದವರಿಗೆ ಒಂದು ಚಿಟಿಕೆ ವಿಭೂತಿ, ಒಂದು ಕೆಂಪು ಬಾಳೆಹಣ್ಣು, ಅಷ್ಟೇ ನಿನ್ನ ಉಪದೇಶ. ಮನೆಯಲ್ಲಿದ್ದಾಗಲೂ ನಿನ್ನ ಮಾತು ಕಡಿಮೆಯೇ. ಆಗ ನಾವು ಅದನ್ನು ಮುಂಗೋಪ ಎನ್ನುತ್ತಿದ್ದೆವು, ತೋಟಕ್ಕೆ ಹೋದ ಮೇಲೆ ಜನ ಮೌನ ಎಂದರು. ಅಮಾವಾಸ್ಯೆಗೆ ಅವ್ವನೂ ಭಕ್ತರ ಸಾಲಿನಲ್ಲಿ ನಿಲ್ಲುತ್ತಿದ್ದಳು. ಬಿಸಿಲಲ್ಲಿ, ತನ್ನ ಸರದಿ ಬರುವ ತನಕ. ಅವಳು ಕೈ ಚಾಚಿದಾಗ ನೀನು ಮುಖವನ್ನೂ ಎತ್ತುತ್ತಿರಲಿಲ್ಲ. ಹೆಂಡತಿಯನ್ನು ಮುಂದೆ ಕರೆಯಬೇಕು, ನೆರಳಲ್ಲಿ ಕೂರಿಸಬೇಕು ಎಂದು ನಿನಗೆ ಒಮ್ಮೆಯಾದರೂ ಅನ್ನಿಸಲಿಲ್ಲವೇ? ಊರಿಗೆ ಉಪಕಾರಿ, ಮನೆಗೆ ಮಾರಿ! ನನಗೆ ಆಗ ಸಿಟ್ಟು ಬರುತ್ತಿತ್ತು. ಈಗಲೂ ಹೋಗಿಲ್ಲ.

ನೀನು ಹೋದ ದಿನ ಪದ್ಧತಿಯಂತೆ ನಿನ್ನ ಇಷ್ಟಲಿಂಗವನ್ನು ನಿನ್ನ ಅಂಗೈಯಲ್ಲೇ ಇಟ್ಟು ತೋಟದಲ್ಲಿ ಮಣ್ಣು ಮಾಡಿದರು. ಉಳಿದ ತಟ್ಟೆ, ಚೊಂಬು, ಟವೆಲ್ಲುಗಳನ್ನು ಭಕ್ತರು ಒಂದೊಂದಾಗಿ ಎತ್ತಿಕೊಂಡರು. ಅವ್ವ ಮಾತ್ರ ಕೌದಿಯನ್ನು ಮಡಚಿ ಕಂಕುಳಲ್ಲಿ ಅವುಚಿಕೊಂಡು ನನ್ನ ಜೊತೆ ಕಲಬುರಗಿಯ ಬಸ್ಸು ಹತ್ತಿದಳು. ಅಂದಿನಿಂದ ಸೆಕೆಯಿರಲಿ, ಚಳಿಯಿರಲಿ, ಅದನ್ನೇ ಹೊದ್ದು ಮಲಗುತ್ತಿದ್ದಳು. ಹಾಗಾಗಿ ಸಂಗಣ್ಣನ ಮಾತನ್ನು ಮನೆಯಲ್ಲಿ ಹೇಳುವಾಗ ಅವಳು ‘ಆಗೂದಿಲ್ಲ’ ಎನ್ನಲಿ ಎಂದೇ ಕಾದೆ. ಅನ್ನಲಿಲ್ಲ. ‘ಅವರ ಅಜ್ಜಾರು, ಅವರ ಕೌದಿ. ಒಯ್ಯಿ. ತೊಳಿಬ್ಯಾಡ ಮತ್ತ’ ಎಂದು ನನ್ನ ಕೈಗಿಟ್ಟಳು. ಬಣ್ಣ ಬಿಡುತ್ತದೆಂದು ನಾನು ಹೇಗೂ ತೊಳೆಯುತ್ತಿರಲಿಲ್ಲ. ಅವ್ವನ ಕಾರಣ ಬೇರೆ ಇತ್ತು, ಅದು ವಾಸನೆಯದು.

ಕೌದಿಯೊಳಗೆ ಹುಳು ಇದ್ದರೆ ಸಾಯಲಿ ಎಂದು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಪಕ್ಕದ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಇಟ್ಟೆ. ನಗಬೇಡ, ಔಷಧಿ ಹೊಡೆಯುವುದಕ್ಕಿಂತ ಅದೇ ಒಳ್ಳೆಯದು. ಅಂಗಡಿಯ ರಫೀಕ್ ಭಾಯಿ ಮಾತ್ರ ಒಳಗೆ ನೀನೇ ಇದ್ದ ಹಾಗೆ, ‘ನಿಮ್ಮ ಅಬ್ಬಾಗ ಥಂಡಿ ಹತ್ತಂಗಿಲ್ಲೇನ್ರೀ ಆಪಾ?’ ಎಂದು ಮುಚ್ಚಳ ತೆಗೆದಾಗಲೆಲ್ಲ ಕೇಳುತ್ತಿದ್ದ. ಥಂಡಿ ಹತ್ತಿದ್ದು ಅವ್ವನಿಗೆ. ಹೊಸ ಸೊಲ್ಲಾಪುರ ಚಾದರ ತಂದುಕೊಟ್ಟೆ. ‘ಭಾಳ ಛೊಲೋ ಅದ’ ಎಂದಳು. ಬೆಳಿಗ್ಗೆ ನೋಡಿದರೆ ಚಾದರ ಮಡಿಕೆ ಬಿಚ್ಚದೆ ತಲೆಯ ಹತ್ತಿರ ಇತ್ತು. ತನ್ನ ಸೆರಗನ್ನೇ ಎಳೆದುಕೊಂಡು ಮುದುಡಿ ಮಲಗಿದ್ದಳು. ಮರುದಿನವೂ ಹಾಗೆಯೇ. ನಾನು ಜಗತ್ತಿನ ಕೌದಿಗಳನ್ನೆಲ್ಲ ಕಾಪಾಡಬಲ್ಲೆ, ನನ್ನವ್ವನಿಗೆ ಒಂದು ನಿದ್ದೆ ಕೊಡಲಾರೆ ಎಂದು ಆ ಬೆಳಿಗ್ಗೆ ತಿಳಿಯಿತು.

ಫ್ರೀಜರಿನಿಂದ ತೆಗೆದ ಕೌದಿಯನ್ನು ಮೇಜಿನ ಮೇಲೆ ಹಾಸಿದ ದಿನ ಅಳತೆ ನೋಡಲು ಸಂಗಣ್ಣ ಬಂದಿದ್ದ. ಅವ್ವ ನನಗೆ ಬುತ್ತಿ ತಂದಿದ್ದಳು. ಬುತ್ತಿ ಕೆಳಗಿಟ್ಟು ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಸಂಗಣ್ಣನ ಕಡೆ ತಿರುಗಿದಳು.

‘ಯಪ್ಪಾ, ನಿಮ್ಮ ಜನಕ ಕಾಣಬೇಕಾದ್ದು ಮ್ಯಾಲಿನ ಬಣ್ಣ ಅಲ್ಲೇನು? ಅಂವನ ಮೈಗಿ ಹತ್ತಿದ್ದು ಕೆಳಗಿನ ಪದರು. ಮ್ಯಾಲಿಂದು ನೀವು ಒಯ್ರಿ. ಕೆಳಗಿಂದು ನನಗ ಕೊಡ್ರಿ.’

ಸಂಗಣ್ಣನ ಮುಖ ಸಣ್ಣಗಾಯಿತು. ‘ಅಜ್ಜಾರ ಸಾಮಾನ ತುಂಡ ಮಾಡಬಾರ್ದ್ರೀ ಅವ್ವಾರ, ಜನಾ ಏನಂದಾರು?’

‘ಜನಾ ಅಂದದ್ದೆಲ್ಲ ಕೇಳೇ ಹನ್ನೊಂದ ವರ್ಷ ಸಾಲ್ನ್ಯಾಗ ನಿಂತೀನಿ. ಅಜ್ಜಾರ ಆಗೂದಕ್ಕ ಮೊದ್ಲ ಅಂವ ನನ್ನ ಗಂಡ ಇದ್ದ.’

ಸಂಗಣ್ಣ ಅಳತೆಯ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟ. ಬಾಗಿ ಅವ್ವನ ಕಾಲು ಮುಟ್ಟಿ, ‘ನೀವು ಹ್ಯಾಂಗಂತೀರಿ ಹಂಗ್ರೀ’ ಎಂದು ಹೊರಗೆ ನಡೆದ. ಮನುಷ್ಯ ಒಳ್ಳೆಯವನು ಅಪ್ಪ. ಅಷ್ಟು ದಿನ ನಾನು ಅವನನ್ನು ಸುಮ್ಮನೆ ಬೈದುಕೊಂಡಿದ್ದೆ.

ಒಪ್ಪದೆ ಉಳಿದವಳು ನಾನೊಬ್ಬಳೇ. ಬಂದ ವಸ್ತುವಿನ ಒಂದು ಹೊಲಿಗೆಯನ್ನೂ ಬಿಚ್ಚಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಅವ್ವನಿಗೆ ಹೇಳಿದೆ. ‘ಪಾಠ ನಿನಗ. ಹೊಲ್ದಾಕಿ ನಾನು, ಬಿಚ್ಚಾಕೀನೂ ನಾನೇ’ ಎಂದು ಕತ್ತರಿಗೆ ಕೈ ಚಾಚಿದಳು. ಕೊಟ್ಟೆ. ಎಳೆ ಎಳೆಯಾಗಿ, ಬಟ್ಟೆಗೆ ನೋವಾಗದ ಹಾಗೆ ಬಿಚ್ಚಿದಳು. ಮೇಲಿನ ತೇಪೆಗಳ ಹಾಸು ಬೇರೆಯಾಯಿತು. ಅದರಲ್ಲಿ ನನ್ನ ಶಾಲೆಯ ಲಂಗ, ಅಣ್ಣನ ಅಂಗಿ. ಕೆಳಗಿನ ಪದರು ಅವಳದೇ ಹಸಿರು ಸೀರೆ. ನಡುವೆ ಇನ್ನೊಂದು ಬಟ್ಟೆ ಇತ್ತು. ಉದ್ದನೆಯ ಬಿಳಿ ಧೋತರ, ಅಂಚಿನ ಹತ್ತಿರ ಅಂಗೈಯಗಲ ಹಳದಿ. ಅರಿಷಿಣದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಬೇಗ ಹಾರಿಹೋಗುತ್ತದೆ. ಇದು ಬೆಳಕು ಕಾಣದ್ದರಿಂದ ಉಳಿದಿತ್ತು.

‘ಇದ್ಯಾವ ಧೋತರವ್ವ?’ ಎಂದು ಕೇಳಿದೆ.

‘ನಮ್ಮ ಲಗ್ನದ್ದು. ಅರಿಷಿಣ ನಾನೇ ಒರಸಿದ್ದೆ, ಚ್ಯಾಷ್ಟಿಗಿ.’ ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಕತ್ತರಿ ಕೆಳಗಿಟ್ಟು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ‘ಸಂಸಾರ ಬಿಟ್ಟೀನಂತ ಊರಿಗೆಲ್ಲಾ ಹೇಳ್ಯಾನ. ಹೊದ್ದು ಮಲಗಿದ್ದು ಇದನ್ನ ನೋಡು!’

ಆ ನಗು ಯಾವಾಗ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ನನ್ನ ಕೈ ನಡುಗುವುದಿಲ್ಲ ಎಂದೆನಲ್ಲ, ಅವತ್ತು ಅವ್ವ ಕೆಳಗಿಟ್ಟ ಕತ್ತರಿಯನ್ನು ನಾನು ಮುಟ್ಟಲಿಲ್ಲ. ನಿನಗೆ ಇದು ಗೊತ್ತಿತ್ತೇ ಅಪ್ಪ? ಇರಲಿಕ್ಕಿಲ್ಲ. ಗೊತ್ತಿದ್ದರೆ ವಾಪಸು ಕಳಿಸುತ್ತಿದ್ದೆಯೋ ಅಥವಾ...

ಮೇಲಿನ ಪದರಿಗೆ ಹತ್ತಿಬಟ್ಟೆಯ ಆಸರೆ ಕೊಟ್ಟು, ಸಣ್ಣ ದಾರದಲ್ಲಿ ಹಿಡಿಸಿ, ತೇಗದ ಚೌಕಟ್ಟು ಕಟ್ಟಿ ಕಮಲಾಪುರಕ್ಕೆ ಒಯ್ದೆವು. ಫಲಕದಲ್ಲಿ ‘ಅಜ್ಜನವರ ಕೌದಿಯ ಮೇಲ್ಪದರ’ ಎಂದಿದೆ. ಉಳಿದ ಎರಡು ಪದರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ನೋಡಲು ಬಂದವರ ಸಾಲು ಬಾಳೆತೋಟ ದಾಟಿ ರಸ್ತೆಯವರೆಗೆ ಇತ್ತು. ಅವ್ವ ಬಾವಿಕಟ್ಟೆಯ ನೆರಳಲ್ಲಿ ಕಾಲು ಚಾಚಿ ಕುಳಿತು ಕೆಂಪು ಬಾಳೆಹಣ್ಣು ಸುಲಿದು ತಿನ್ನುತ್ತಿದ್ದಳು. ಸಂಗಣ್ಣ ಓಡಿಬಂದು, ‘ಅವ್ವಾರ, ನೀವು ಮುಂದ ಬರ್ರಿ, ನಿಮಗ್ಯಾಕ ಸಾಲು?’ ಎಂದ. ನೀನು ಆಡಬೇಕಿದ್ದ ಮಾತು ಅದು.

‘ನೀವು ನೋಡ್ರೆಪಾ’ ಎಂದಳು ಅವ್ವ. ‘ನಂದು ಮನ್ಯಾಗ ಅದ.’

ಧೋತರ ಮತ್ತು ಸೀರೆ ಸೇರಿಸಿ ಅವಳು ಮತ್ತೆ ಹೊಲಿದುಕೊಂಡಿದ್ದಾಳೆ. ದಿನಾ ಹೊದೆಯುತ್ತಾಳೆ, ನಿದ್ದೆ ಮಾಡುತ್ತಾಳೆ. ಮೈಬೆವರು ತಾಗಿ, ಬೆಳಕು ಬಿದ್ದು ಆ ಅರಿಷಿಣ ಇನ್ನೆಷ್ಟು ದಿನ ಉಳಿದೀತು? ಗೊತ್ತು ನನಗೆ, ನನ್ನ ಕೆಲಸವೇ ಅದು. ಆದರೂ ಅದಕ್ಕೆ ನಾನು ಗಾಜು ಹಾಕುವುದಿಲ್ಲ ಅಪ್ಪ. ಹೊದ್ದು ಹೊದ್ದು ಹರಿಯಲಿ.

ನಿನ್ನ ಮಗಳು,
ಮಹಾನಂದಾ